ತನ್ನ ಮೊಕದ್ದಮೆಯನ್ನು ತಾನೇ ವಾದಿಸುವವನ ಭಾಷೆ

ವಕೀಲರನ್ನು ನೇಮಿಸಿಕೊಳ್ಳದೆ, ಪಾರ್ಟಿ ಇನ್ ಪರ್ಸನ್ ಆಗಿ ತನ್ನ ರಿಟ್ ಅರ್ಜಿಯನ್ನು (ಹಕ್ಕಿನ ರಕ್ಷಣೆಗಾಗಿ ಉಚ್ಚ ನ್ಯಾಯಾಲಯಕ್ಕೋ ಸುಪ್ರೀಂ ಕೋರ್ಟಿಗೋ ನೇರವಾಗಿ ಸಲ್ಲಿಸುವ ಅರ್ಜಿ) ತಾನೇ ವಾದಿಸಲು ಹೊರಟ ಕನ್ನಡಿಗನಿಗೆ ಉಚ್ಚ ನ್ಯಾಯಾಲಯದಲ್ಲಿ ಎದುರಾಗುವ ಮೊದಲ ಗೋಡೆ ಇಂಗ್ಲಿಷ್ ಎಂಬುದು ನನ್ನ ಖಚಿತ ಅಭಿಪ್ರಾಯ. ಕಾನೂನಿನ ತೊಡಕುಗಳೆಲ್ಲ ಆಮೇಲಿನವು. ತನ್ನ ಹಕ್ಕಿಗೆ ಧಕ್ಕೆಯಾಗಿದೆ ಎಂದು ನ್ಯಾಯಾಲಯದ ಮೆಟ್ಟಿಲು ಹತ್ತಿದವನಿಗೆ ಆ ಹಕ್ಕಿನ ಬಗ್ಗೆ ಅಲ್ಲಿ ಏನು ಮಾತಾಯಿತು ಎಂಬುದೇ ತಿಳಿಯದೆ ಹೋದರೆ, ಅವನು ಖುದ್ದಾಗಿ ಹಾಜರಾಗಿದ್ದಾನೆ ಎಂದು ಆದೇಶದಲ್ಲಿ ಬರೆದುಕೊಳ್ಳುವುದಕ್ಕೆ ಏನು ಅರ್ಥ?

ಸಂವಿಧಾನದ ಆಶಯ ಹೀಗಿರಲಿಲ್ಲ. 32ನೇ ವಿಧಿಯು ಮೂಲಭೂತ ಹಕ್ಕುಗಳ ರಕ್ಷಣೆಗಾಗಿ ಸುಪ್ರೀಂ ಕೋರ್ಟಿಗೆ ನೇರವಾಗಿ ಹೋಗುವುದನ್ನೇ ಒಂದು ಮೂಲಭೂತ ಹಕ್ಕನ್ನಾಗಿಸಿತು. 226ನೇ ವಿಧಿಯು ಉಚ್ಚ ನ್ಯಾಯಾಲಯಗಳಿಗೆ ಇನ್ನೂ ವಿಶಾಲವಾದ ಅಧಿಕಾರ ಕೊಟ್ಟಿತು. ಬಂಧಿತನಾದವನು ತನಗೆ ಬೇಕಾದ ವಕೀಲರ ನೆರವು ಪಡೆಯುವುದನ್ನು 22ನೇ ವಿಧಿ ಹಕ್ಕು ಎಂದಿದೆಯೇ ಹೊರತು ಎಲ್ಲಿಯೂ ಕಡ್ಡಾಯ ಎಂದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯೂ ಕಕ್ಷಿದಾರನು ಸ್ವತಃ ಹಾಜರಾಗಬಹುದೆಂದು ಸ್ಪಷ್ಟವಾಗಿ ಹೇಳುತ್ತದೆ.

ಸುಪ್ರೀಂ ಕೋರ್ಟ್ ಒಂದು ಕಾಲದಲ್ಲಿ ಈ ಆಶಯವನ್ನು ಬಹಳ ದೂರ ಕೊಂಡೊಯ್ದಿತ್ತು. 1968ರಲ್ಲಿ ಬಿಹಾರದಲ್ಲಿ ಬಂಧಿತರಾದ ಸಮಾಜವಾದಿ ನಾಯಕ ಮಧು ಲಿಮಯೆಯವರು ತಮಗೆ ಬಂಧನದ ಕಾರಣವನ್ನೇ ತಿಳಿಸಿಲ್ಲವೆಂದು ಪತ್ರರೂಪದಲ್ಲಿ ಅರ್ಜಿ ಕಳಿಸಿದಾಗ, ನ್ಯಾಯಾಲಯ ಅದನ್ನು ಪುರಸ್ಕರಿಸಿ ಅವರನ್ನು ಬಿಡುಗಡೆ ಮಾಡಿತು. ಒಡಿಶಾದ ನೀಲಬತಿ ಬೆಹೆರಾ ಎಂಬ ತಾಯಿ, ಪೊಲೀಸ್ ವಶದಲ್ಲಿದ್ದ ತನ್ನ 22 ವರ್ಷದ ಮಗ ರೈಲು ಹಳಿಯ ಮೇಲೆ ಹೆಣವಾಗಿ ಸಿಕ್ಕಾಗ, 1988ರಲ್ಲಿ ಒಂದು ಪತ್ರ ಬರೆದರು. ಆ ಪತ್ರವೇ ರಿಟ್ ಅರ್ಜಿಯಾಯಿತು. 1993ರ ತೀರ್ಪಿನಲ್ಲಿ ಅವರಿಗೆ 1,50,000 ರೂಪಾಯಿ ಪರಿಹಾರ ಸಿಕ್ಕಿದ್ದಷ್ಟೇ ಅಲ್ಲ, ಮೂಲಭೂತ ಹಕ್ಕಿನ ಉಲ್ಲಂಘನೆಗೆ ಪರಿಹಾರ ಕೇಳಿದಾಗ ಸಾರ್ವಭೌಮ ಪ್ರಭುತ್ವದ ಮೇಲೆ ದಾವೆ ಹೂಡುವಂತಿಲ್ಲ ಎಂಬ ರಕ್ಷಣೆಯ ಹಿಂದೆ ಸರ್ಕಾರ ಅಡಗುವಂತಿಲ್ಲ ಎಂಬ ತತ್ತ್ವವೂ ಗಟ್ಟಿಯಾಯಿತು. ಪರಿಹಾರದ ಆ ದಾರಿ ತೆರೆದದ್ದು 1983ರ ರುದುಲ್ ಸಾಹ್ ಪ್ರಕರಣ: 1968ರಲ್ಲೇ ನಿರ್ದೋಷಿ ಎಂದು ತೀರ್ಪಾಗಿದ್ದ ಮನುಷ್ಯನನ್ನು ಬಿಹಾರದ ಜೈಲಿನಲ್ಲಿ 1982ರವರೆಗೆ ಕೂಡಿಹಾಕಿದ್ದರು. ಆ ತಾಯಿಯ ಪತ್ರದಲ್ಲಿ ಕಾನೂನಿನ ಭಾಷೆ ಇದೆಯೇ, ಪುಟಸಂಖ್ಯೆ ಸರಿಯಿದೆಯೇ ಎಂದು ಆ ದಿನ ಯಾರೂ ಕೇಳಲಿಲ್ಲ.

ಅದೇ ಮಧು ಲಿಮಯೆಯವರ ಇನ್ನೊಂದು ಪ್ರಕರಣ 1970ರಲ್ಲಿ ವಿಚಾರಣೆಗೆ ಬಂದಾಗ, ಮೂಲ ಕಕ್ಷಿದಾರರಲ್ಲದಿದ್ದರೂ ತಮ್ಮ ವಾದ ಹೇಳಲು ಅನುಮತಿ ಪಡೆದು ಮಧ್ಯಪ್ರವೇಶ ಮಾಡಿದ್ದ ಸಮಾಜವಾದಿ ನಾಯಕ ರಾಜ್ ನಾರಾಯಣ್ ಹಿಂದಿಯಲ್ಲೇ ವಾದಿಸುತ್ತೇನೆಂದು ಪಟ್ಟು ಹಿಡಿದರು. ಇಂಗ್ಲಿಷಿನಲ್ಲಿ ವಾದಿಸಿ, ಇಲ್ಲವೇ ನಿಮ್ಮ ವಕೀಲರು ವಾದಿಸಲಿ, ಅದೂ ಬೇಡವೆಂದರೆ ಇಂಗ್ಲಿಷಿನಲ್ಲಿ ಬರೆದು ಕೊಡಿ ಎಂದು ಪೀಠ ಸೂಚಿಸಿತು. ಅವರು ಒಪ್ಪದಿದ್ದಾಗ ಮಧ್ಯಪ್ರವೇಶದ ಅನುಮತಿಯನ್ನೇ ರದ್ದುಪಡಿಸಿತು. ನಾನಾ ಭಾಷೆಗಳ ನ್ಯಾಯಮೂರ್ತಿಗಳು ಕೂರುವ ಸುಪ್ರೀಂ ಕೋರ್ಟಿನಲ್ಲಿ ಈ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಕನ್ನಡ ಬಲ್ಲ ನ್ಯಾಯಮೂರ್ತಿ, ಕನ್ನಡಿಗ ಸರ್ಕಾರಿ ವಕೀಲರು ಮತ್ತು ಕನ್ನಡಿಗ ಅರ್ಜಿದಾರ ಇರುವ ನಮ್ಮ ಉಚ್ಚ ನ್ಯಾಯಾಲಯದ ಸಭಾಂಗಣದಲ್ಲಿ ಇದನ್ನು ಹೇಗೆ ಸಮರ್ಥಿಸುವುದು?

ಕುಟುಂಬದ ಜಮೀನಿನ ವ್ಯಾಜ್ಯದ ಸಲುವಾಗಿ ನಾನು ಕೋರ್ಟ್ ಹಾಲಿನಲ್ಲಿ ಕಾಯುತ್ತ ಕುಳಿತಿದ್ದ ದಿನ, ವಯಸ್ಸಾದ ರೈತರೊಬ್ಬರ ಪ್ರಕರಣ ಕೂಗಿದರು. ನೋಟಿಸಿಲ್ಲದೆ, ಭೂಸ್ವಾಧೀನವೂ ಇಲ್ಲದೆ ಅವರ ಹೊಲದ ಅಂಚನ್ನು ರಸ್ತೆಗೆ ಸೇರಿಸಿಕೊಂಡಿದ್ದರು. ಪ್ಲಾಸ್ಟಿಕ್ ಚೀಲದಲ್ಲಿ ಪಹಣಿ, ನಕ್ಷೆ, ಕೊಟ್ಟ ಮನವಿಗಳ ಸ್ವೀಕೃತಿ ಪ್ರತಿಗಳು ಇದ್ದವು. ನ್ಯಾಯಮೂರ್ತಿಗಳು ಬಹಳ ಸೌಜನ್ಯದಿಂದ ಕನ್ನಡದಲ್ಲೇ, ‘ಪರಿಹಾರ ಕೇಳಿ ಮನವಿ ಕೊಟ್ಟಿದ್ದೀರಾ, ಯಜಮಾನರೇ?’ ಎಂದು ಕೇಳಿದರು. ‘ಕೊಟ್ಟೀನ್ರೀ ಸಾಹೇಬ್ರ, ಸಿಕ್ಕಾ ಹಾಕಿಸಿದ್ದು ಇಲ್ಲೇ ಐತಿ ನೋಡ್ರಿ’ ಎಂದು ಅವರು ಕಾಗದ ಎತ್ತಿ ಹಿಡಿದರು. ಅಲ್ಲಿಂದ ಮುಂದಿನದೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಸರ್ಕಾರಿ ವಕೀಲರು ಕಾಲಾವಕಾಶ ಕೇಳಿದರು, ಶೀಘ್ರಲಿಪಿಕಾರರಿಗೆ ಆದೇಶ ಹೇಳಿ ಬರೆಸಿದ್ದಾಯಿತು, ಮುಂದಿನ ಪ್ರಕರಣ ಕೂಗಿದರು. ಹೊರಗೆ ಪಡಸಾಲೆಯಲ್ಲಿ ಅವರು ನನ್ನನ್ನು ತಡೆದು ಕೇಳಿದರು: ‘ಏನಾತ್ರೀ ಸರ ನನ್ನ ಕೇಸು? ನಿಂತೈತೋ, ಬಿತ್ತೋ?’ ಉಳಿದ ಜಮೀನನ್ನು ಯಾರೂ ಮುಟ್ಟಬಾರದೆಂದು ಅವರ ಪರವಾಗಿಯೇ ಮಧ್ಯಂತರ ಆದೇಶವಾಗಿತ್ತು. ತಾನು ಗೆದ್ದದ್ದು ಆ ಹಿರಿಯರಿಗೆ ಗೊತ್ತಾಗಿರಲಿಲ್ಲ.

ಅವರ ಅಹವಾಲಿನಲ್ಲಿ ಕಾನೂನಿನ ಬಲಕ್ಕೇನೂ ಕೊರತೆ ಇರಲಿಲ್ಲ. ಆಸ್ತಿಯ ಹಕ್ಕು ಈಗ ಮೂಲಭೂತ ಹಕ್ಕಲ್ಲವಾದರೂ, 300ಎ ವಿಧಿಯ ಪ್ರಕಾರ ಸಂವಿಧಾನದತ್ತ ಹಕ್ಕು. ಹಿಮಾಚಲ ಪ್ರದೇಶದ ಅನಕ್ಷರಸ್ಥ ವಿಧವೆ ವಿದ್ಯಾದೇವಿಯವರ ಜಮೀನನ್ನು 1967–68ರಲ್ಲಿ ರಸ್ತೆಗೆಂದು ತೆಗೆದುಕೊಂಡ ಸರ್ಕಾರ, ಇಷ್ಟು ವರ್ಷವಾದ ಮೇಲೆ ಬಂದಿದ್ದಾರೆಂದು ತಕರಾರು ಎತ್ತಿದಾಗ, ಸುಪ್ರೀಂ ಕೋರ್ಟ್ 2020ರಲ್ಲಿ ಅದನ್ನು ತಳ್ಳಿಹಾಕಿ ಪರಿಹಾರ ಕೊಡಿಸಿತು.

ಸ್ವತಃ ವಾದಿಸಲು ಹೊರಡುವವರಿಗೂ ಎರಡು ಮಾತು ಹೇಳಲೇಬೇಕು. ಅಧಿಕಾರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯದೆ, ಅವರು ಕರ್ತವ್ಯ ಮಾಡಲಿಲ್ಲವೆಂದು ರಿಟ್ ಹಾಕಿದರೆ ಅರ್ಜಿ ನಿಲ್ಲುವುದು ಕಷ್ಟ. ಸಾಕ್ಷಿಗಳ ಪಾಟೀಸವಾಲು ನಡೆಸಿಯೇ ನಿರ್ಧರಿಸಬೇಕಾದ ಸಂಗತಿಗಳನ್ನು ರಿಟ್ ನ್ಯಾಯಾಲಯ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅದಕ್ಕೆ ಸಿವಿಲ್ ನ್ಯಾಯಾಲಯವೇ ಸರಿ. ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಒಳ್ಳೆಯ ವಕೀಲರು ಸಿಕ್ಕರೆ ಅವರನ್ನು ಬಿಡಬೇಡಿ ಎಂದೇ ನಾನು ಹೇಳುತ್ತೇನೆ. ಆದರೆ ಸುಪ್ರೀಂ ಕೋರ್ಟಿನ 2013ರ ನಿಯಮಗಳಂತೆ, ವಕೀಲರನ್ನು ಏಕೆ ನೇಮಿಸಿಕೊಳ್ಳಲಾಗದು ಎಂದು ವಿವರಿಸಿ ಅನುಮತಿ ಕೇಳಬೇಕಾದ ಸ್ಥಿತಿ ನನಗೆ ಸರಿ ಕಾಣುವುದಿಲ್ಲ. ಹಕ್ಕನ್ನು ಬಳಸಲು ಹೊರಟವನು ಮೊದಲು ತನ್ನ ಯೋಗ್ಯತೆಯನ್ನು ಏಕೆ ಸಾಬೀತುಪಡಿಸಬೇಕು?

348ನೇ ವಿಧಿಯ ಎರಡನೆಯ ಖಂಡದ ಪ್ರಕಾರ, ರಾಷ್ಟ್ರಪತಿಗಳ ಪೂರ್ವಸಮ್ಮತಿಯೊಂದಿಗೆ ರಾಜ್ಯಪಾಲರು ಉಚ್ಚ ನ್ಯಾಯಾಲಯದ ಕಲಾಪದಲ್ಲಿ ರಾಜ್ಯಭಾಷೆಯ ಬಳಕೆಗೆ ಅವಕಾಶ ಕೊಡಬಹುದು. ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರಗಳಲ್ಲಿ ಹಿಂದಿಗೆ ಈ ಅವಕಾಶ ಸಿಕ್ಕು ದಶಕಗಳೇ ಆಗಿವೆ. ಕನ್ನಡ, ತಮಿಳು, ಬಂಗಾಳಿ, ಗುಜರಾತಿಗಳ ಬೇಡಿಕೆಯನ್ನು 2012ರಲ್ಲಿ ಸುಪ್ರೀಂ ಕೋರ್ಟಿನ ಪೂರ್ಣ ನ್ಯಾಯಾಲಯ, ಅಂದರೆ ಅದರ ಎಲ್ಲ ನ್ಯಾಯಮೂರ್ತಿಗಳ ಸಭೆ, ಒಪ್ಪಲಿಲ್ಲ. ಹಿಂದಿ ಮಾತಾಡುವ ರೈತನಿಗೆ ಲಕ್ನೋದಲ್ಲಿ ಇರುವ ಅನುಕೂಲ ಕನ್ನಡ ಮಾತಾಡುವ ರೈತನಿಗೆ ಕಲಬುರಗಿಯಲ್ಲಿ ಏಕಿಲ್ಲ ಎಂಬ ಪ್ರಶ್ನೆಗೆ ನನಗೆ ಇದುವರೆಗೆ ಸಮಾಧಾನಕರ ಉತ್ತರ ಸಿಕ್ಕಿಲ್ಲ. ರಾಜ್ಯ ಸರ್ಕಾರ ಆ ಪ್ರಸ್ತಾವವನ್ನು ಮತ್ತೆ ಕಳಿಸಲೇಬೇಕು.

ಅದು ಆಗುವವರೆಗೂ ಮಾಡಬಹುದಾದದ್ದು ಒಂದಿದೆ. ವಕೀಲರಿಲ್ಲದೆ ನಿಂತವರ ಪ್ರಕರಣದಲ್ಲಿ ಆದೇಶ ಬರೆಸಿದ ಕೂಡಲೇ ಅದರ ಸಾರವನ್ನೂ ಮುಂದಿನ ದಿನಾಂಕವನ್ನೂ ಪೀಠದಿಂದಲೇ ಕನ್ನಡದಲ್ಲಿ ಹೇಳಬೇಕು, ಮತ್ತು ಕೋರ್ಟ್ ಅಧಿಕಾರಿ ಅದನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲೇ ಬರೆದು ಕೈಗೆ ಕೊಡಬೇಕು. ಇದಕ್ಕೆ ಸಂವಿಧಾನದ ತಿದ್ದುಪಡಿಯೂ ಬೇಕಿಲ್ಲ, ದೆಹಲಿಯ ಒಪ್ಪಿಗೆಯೂ ಬೇಕಿಲ್ಲ. ಉಚ್ಚ ನ್ಯಾಯಾಲಯದ ಒಂದು ಸುತ್ತೋಲೆ ಸಾಕು.