ಖಾಲಿ ತಟ್ಟೆ ವಾಪಸ್ ಕೊಡಬಾರದು

ಜರ್ಮನಿಯ ಔಗ್ಸ್‌ಬರ್ಗ್‌ಗೆ ಬಂದ ಮೊದಲ ಎಂಟು ತಿಂಗಳು ನೆರೆಹೊರೆಯವರ ಬಗ್ಗೆ ನನಗೆ ಗೊತ್ತಿದ್ದದ್ದು ಬೆಲ್ ಪಕ್ಕದಲ್ಲಿ ಬರೆದಿದ್ದ ಹೆಸರುಗಳು ಮಾತ್ರ. ಮೆಟ್ಟಿಲಲ್ಲಿ ಎದುರಾದರೆ ಒಂದು 'ಗ್ರ್ಯೂಸ್ ಗಾಟ್', ಅಷ್ಟೇ. ಭಾನುವಾರ ಮಿಕ್ಸಿ ಹಾಕಲೂ ಹೆದರಿಕೆ. ಹಾಸನದಲ್ಲಿ ಬೆಳೆದವನಿಗೆ ಇದು ಊರೋ ಆಸ್ಪತ್ರೆಯೋ ಅನ್ನಿಸುತ್ತಿತ್ತು.

ಬಾಗಿಲು ತೆರೆಸಿದ್ದು ಒಂದು ಪಾರ್ಸೆಲ್. ಇಲ್ಲಿ ಮನೆಯಲ್ಲಿ ಯಾರೂ ಇಲ್ಲದಿದ್ದರೆ ಪಾರ್ಸೆಲ್‌ನವನು ಪಕ್ಕದ ಮನೆಗೆ ಕೊಟ್ಟು ಚೀಟಿ ಹಾಕಿ ಹೋಗುತ್ತಾನೆ. ಹಾಗೆ ಕೆಳಗಿನ ಮನೆ ಅಜ್ಜಿಯದ್ದೊಂದು ನನ್ನ ಹತ್ತಿರ ಉಳಿದಿತ್ತು. ತೆಗೆದುಕೊಂಡು ಹೋಗಲು ಬಂದವರ ಕೈಯಲ್ಲಿ ಒಂದು ಪಿಂಗಾಣಿ ತಟ್ಟೆ, ಮೇಲೆ ಫಾಯಿಲ್. ಒಳಗೆ ದಾಚಿ.

ದಾಚಿ ಅಂದರೆ ಈ ಊರಿನ ಪ್ಲಮ್ ಕೇಕು. ಪೂರ್ತಿ ಹೆಸರು ಸ್ವೆಚ್‌ಗೆನ್‌ದಾಚಿ. ಈ ಊರಿಗೆ 'ದಾಚಿಬುರ್ಗ್' ಅಂತ ಅಡ್ಡಹೆಸರೇ ಇದೆ. ಸೆಪ್ಟೆಂಬರ್ ಹೊತ್ತಿಗೆ ಉದ್ದನೆಯ ಕಡುನೀಲಿ ಪ್ಲಮ್ ಬರುತ್ತವೆ. ಓವನ್ನಿನ ಇಡೀ ಟ್ರೇ ತುಂಬ ಹಿಟ್ಟು ಹರಡಿ, ಬೀಜ ತೆಗೆದ ಹಣ್ಣನ್ನು ಹೆಂಚು ಹೊದಿಸಿದ ಹಾಗೆ ಸಾಲಾಗಿ ಒತ್ತೊತ್ತಾಗಿ ಜೋಡಿಸಿ ಬೇಯಿಸುತ್ತಾರೆ. ರಸ ಇಳಿದು ಅಂಚೆಲ್ಲ ನೇರಳೆ ಬಣ್ಣಕ್ಕೆ ತಿರುಗಿರುತ್ತದೆ. ಒಬ್ಬಂಟಿ ಅಜ್ಜಿ ಒಂದು ಟ್ರೇ ಕೇಕು ತಿಂದು ಮುಗಿಸುವುದುಂಟಾ? ಹಂಚಲೇಬೇಕು. ಮನೆಯಲ್ಲಿ ಬೇಯಿಸಿದ ಕೇಕಿನ ಗುಟ್ಟು ಇದೇ ಅಂತ ನನ್ನ ಅನಿಸಿಕೆ: ಅದನ್ನು ಇಬ್ಬರಿಗೆ ಅಳೆದು ಮಾಡಲು ಆಗುವುದಿಲ್ಲ.

ತಟ್ಟೆ ತೊಳೆದೆ. ವಾಪಸ್ ಕೊಡಲು ಮೆಟ್ಟಿಲು ಇಳಿಯುತ್ತಿದ್ದವನು ಅರ್ಧಕ್ಕೆ ನಿಂತುಬಿಟ್ಟೆ. ನಮ್ಮಮ್ಮ ಯಾರ ಮನೆ ಪಾತ್ರೆಯನ್ನೂ ಖಾಲಿ ವಾಪಸ್ ಕೊಟ್ಟವಳಲ್ಲ, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತಿದ್ದಳು. ಸಕ್ಕರೆ ಕೊಟ್ಟರೆ ಅಜ್ಜಿ ಏನಂದುಕೊಳ್ಳುತ್ತಾರೋ! ಅಲ್ಲಿಯವರೆಗೆ ಬಾಣಲೆ ತುಂಬಿಡುವ ಬೀರುವಾಗಿದ್ದ ಓವನ್ ಖಾಲಿ ಮಾಡಿ, ಅಯ್ಯಂಗಾರ್ ಬೇಕರಿ ಹನಿ ಕೇಕ್ ಮಾಡಲು ಕೂತೆ. ಮೊದಲನೆಯದು ನಡುವೆ ಕುಸಿಯಿತು. ಎರಡನೆಯದಕ್ಕೆ ಪಾಕ ಕುಡಿಸಿ, ಜಾಮ್ ಬಳಿದು, ಕೊಬ್ಬರಿ ತುರಿ ಉದುರಿಸಿ ಕೊಟ್ಟೆ. ಅಜ್ಜಿ ಮುಟ್ಟಿ ನೋಡಿ, "ಇದು ಒದ್ದೆಯಾಗಿದೆಯಲ್ಲ?" ಅಂದರು. ಹೌದು, ಅದು ಇರುವುದೇ ಹಾಗೆ! ಡಿಸೆಂಬರಿನಲ್ಲಿ ನನ್ನ ಸ್ಟೀಲ್ ಡಬ್ಬಿ ಚಕ್ಕೆ ಘಮದ ನಕ್ಷತ್ರ ಬಿಸ್ಕೆಟ್ ತುಂಬಿಕೊಂಡು ವಾಪಸ್ ಬಂತು.

ಇದನ್ನೆಲ್ಲ ಹೇಳಿದರೆ ಬೆಂಗಳೂರಿನ ಅಕ್ಕ ನಗುತ್ತಾಳೆ. ಅವಳ ಅಪಾರ್ಟ್‌ಮೆಂಟಿನಲ್ಲಿ ಸಂಕ್ರಾಂತಿಗೆ ಎಳ್ಳು ಬೆಲ್ಲ ಸಣ್ಣ ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ ಬಂದು ಬಾಗಿಲ ಚಿಲಕಕ್ಕೆ ನೇತುಬೀಳುತ್ತದಂತೆ. ಯಾರು ಕೊಟ್ಟರೋ ಏನೋ. ಒಳ್ಳೆ ಮಾತಾಡು ಅಂತ ಹೇಳಿ ಕೊಡುವ ಹಬ್ಬ, ಮಾತೇ ಇಲ್ಲ. ಪ್ಯಾಕೆಟ್ ವಾಪಸ್ ಕೊಡಬೇಕಿಲ್ಲವಲ್ಲ, ಹಾಗಾಗಿ ಅಲ್ಲಿಗೆ ಮುಗಿಯಿತು. ನನ್ನ ತಕರಾರು ಇರುವುದು ಈ ಬಿಸಾಡುವ ಡಬ್ಬದ ಮೇಲೆ.

ಹಾಗಂತ ಊರಿನ ಹಳೆ ಕಾಲವನ್ನು ಜಾಸ್ತಿ ಹೊಗಳಲೂ ಮನಸ್ಸು ಬರುವುದಿಲ್ಲ. ನಮ್ಮ ಬೀದಿಯಲ್ಲಿ ಎಳ್ಳು ಬೀರುವ ತಟ್ಟೆ ಎಲ್ಲರ ಮನೆಗೂ ಹೋಗುತ್ತಿರಲಿಲ್ಲ. ಯಾವ ಮನೆ ದಾಟಿಕೊಂಡು ಹೋಗಬೇಕು ಅಂತ ಮಕ್ಕಳಿಗೂ ಗೊತ್ತಿತ್ತು, ಯಾಕೆ ಅಂತ ಯಾರೂ ಕೇಳುತ್ತಿರಲಿಲ್ಲ. ಇಲ್ಲಿ ಆಗಸ್ಟ್ 8ಕ್ಕೆ ಶಾಂತಿ ಹಬ್ಬ, ಜರ್ಮನಿಯಲ್ಲಿ ಈ ಒಂದೇ ಊರಿಗೆ ರಜೆ. 1650ರಿಂದ ಆಚರಿಸುತ್ತಾರೆ, ಕ್ಯಾಥೊಲಿಕರು ಪ್ರಾಟೆಸ್ಟಂಟರು ಹೊಡೆದಾಡಿ ಸುಸ್ತಾದ ಮೇಲೆ ಹುಟ್ಟಿದ್ದು. ಈಗ ಟೌನ್‌ಹಾಲ್ ಮುಂದಿನ ಚೌಕದಲ್ಲಿ ಉದ್ದುದ್ದ ಟೇಬಲ್ ಹಾಕುತ್ತಾರೆ, ಜನ ಮನೆಯಿಂದ ತಂದದ್ದನ್ನು ಪಕ್ಕ ಕೂತವರ ಜೊತೆ ಹಂಚಿಕೊಂಡು ತಿನ್ನುತ್ತಾರೆ, ಅವರು ಯಾರೇ ಇರಲಿ. ನಾನು ಪುಳಿಯೋಗರೆ ಒಯ್ದಿದ್ದೆ. ನಮ್ಮ ಬೀದಿಯ ಆ ಮನೆ ನೆನಪಾಯಿತು.

ಸದ್ಯ ಅಜ್ಜಿಯ ಎರಡು ತಟ್ಟೆ ನನ್ನ ಹತ್ತಿರ ಇವೆ, ನನ್ನ ಒಂದು ಡಬ್ಬಿ ಅವರ ಹತ್ತಿರ. ಈಗ ಸರದಿ ಯಾರದ್ದು ಅಂತ ನಮ್ಮಿಬ್ಬರಿಗೂ ಗೊತ್ತಿಲ್ಲ. ಮೊನ್ನೆ ವಿಡಿಯೊ ಕಾಲ್‌ನಲ್ಲಿ ಅಮ್ಮ ಹಿಂದಿನ ಶೆಲ್ಫ್ ನೋಡಿ ಕೇಳಿದಳು: "ಲೋ, ನಾಲ್ಕು ಡಬ್ಬಿ ಕೊಟ್ಟು ಕಳಿಸಿದ್ದೆ. ಇನ್ನೊಂದು ಎಲ್ಲೋ?"