ನಡೆಯದ ಕಾಯಿ

ದಾಳ ಉರುಳಿಸಿ ಆಡುವ ಹಲಗೆಯಾಟಗಳಲ್ಲಿ ಕಾಯಿಯಷ್ಟು ಅನಾಥವಾದ ವಸ್ತು ಇನ್ನೊಂದಿಲ್ಲ. ಈ ಸಲ ಕೆಂಪು ಕಾಯಿ ನನ್ನದು, ಮುಂದಿನ ಸಲ ಅದೇ ಕೆಂಪು ಎದುರಾಳಿಯದು. ಆಟ ಮುಗಿದ ಮೇಲೆ ಗೆದ್ದದ್ದೂ ಸೋತದ್ದೂ ಒಂದೇ ಡಬ್ಬಿಗೆ ಬೀಳುತ್ತವೆ, ಯಾವುದು ಯಾರನ್ನು ಗೆಲ್ಲಿಸಿತೆಂದು ಮಾರನೆಯ ದಿನ ಯಾರೂ ಕೇಳುವುದಿಲ್ಲ. ಒಂದು ಕಳೆದುಹೋದರೆ ಅಂಗಿಯ ಗುಂಡಿಯೊಂದನ್ನು ಅದರ ಜಾಗದಲ್ಲಿಟ್ಟು ಆಟ ಮುಂದುವರಿಸುತ್ತೇವೆ. ನಿಂಟೆಂಡೊ ಕಂಪನಿ 2015ರ ನವೆಂಬರಿನಲ್ಲಿ ವೀ ಯು ಎಂಬ ತನ್ನ ಗೇಮ್ ಯಂತ್ರಕ್ಕೆಂದು ಹೊರತಂದ ‘ಅನಿಮಲ್ ಕ್ರಾಸಿಂಗ್: ಅಮೀಬೊ ಫೆಸ್ಟಿವಲ್’ ಎಂಬ ವಿಡಿಯೊ ಗೇಮ್ ಈ ಅನಾಥ ಕಾಯಿಗೆ ಹೆಸರು, ಮುಖ, ಬಟ್ಟೆಬರೆ, ಸಾಲದ್ದಕ್ಕೆ ಚೂರು ನೆನಪಿನ ಶಕ್ತಿಯನ್ನೂ ಕೊಟ್ಟಿತು, ಕೊಟ್ಟು, ಅದರ ನಡಿಗೆಯನ್ನು ಕಿತ್ತುಕೊಂಡಿತು.

ಗೊಂಬೆಗಳನ್ನು ಕೊಂಡು ಕೂಡಿಟ್ಟು ಆಡುವ ವಿಡಿಯೊ ಗೇಮುಗಳು ಆ ಹೊತ್ತಿಗೆ ಹೊಸವಾಗಿರಲಿಲ್ಲ. 2011ರಲ್ಲಿ ಸ್ಕೈಲ್ಯಾಂಡರ್ಸ್, 2013ರಲ್ಲಿ ಡಿಸ್ನಿ ಇನ್ಫಿನಿಟಿ ಬಂದಿದ್ದವು. 2014ರ ಕೊನೆಗೆ ನಿಂಟೆಂಡೊ ತನ್ನ ಅಮೀಬೊ ಗೊಂಬೆಗಳನ್ನು ಮಾರಾಟಕ್ಕಿಟ್ಟಿತು. 2015ರ ಮಾರ್ಚಿನ ‘ಮಾರಿಯೊ ಪಾರ್ಟಿ 10’ರಲ್ಲಿ ಗೊಂಬೆ ಮುಟ್ಟಿಸಿ ಆಡುವ ಹಲಗೆಗಳು ಆಟದ ಒಂದು ಭಾಗವಾಗಿ ಸೇರಿದವು. ಅಮೀಬೊ ಫೆಸ್ಟಿವಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂದಾದರೂ ಗೊಂಬೆಯಿಲ್ಲದೆ ಹಲಗೆಯಾಟ ಶುರುವೇ ಆಗದೆಂದಿತು. ಪುಣ್ಯಕ್ಕೆ ಪೆಟ್ಟಿಗೆಯಲ್ಲೇ ಇಸಬೆಲ್ ಮತ್ತು ಡಿಗ್ಬಿ ಎಂಬ ಅವಳಿ ನಾಯಿಮರಿಗಳ ಗೊಂಬೆಗಳೂ ಗೊಂಬೆಗಳಂತೆಯೇ ತಾಗಿಸುವ ಮೂರು ಕಾರ್ಡುಗಳೂ ಇದ್ದವು.

ಆಡುವ ಬಗೆ ಹೀಗೆ. ಟಿ.ವಿ. ಪರದೆಯ ಮೇಲೆ ಒಂದು ಪುಟ್ಟ ಊರು, ಅದನ್ನು ಸುತ್ತುವ ಬಣ್ಣಬಣ್ಣದ ಮನೆಗಳು. ಸರದಿ ಬಂದವರು ತಮ್ಮ ಗೊಂಬೆಯನ್ನು ಎತ್ತಿ, ಕೈಯಲ್ಲಿ ಹಿಡಿದಾಡುವ ನಿಯಂತ್ರಕವಾದ ಗೇಮ್‌ಪ್ಯಾಡಿನ ಎಡಬದಿಯ ಕೆಳಭಾಗದಲ್ಲಿರುವ ಪುಟ್ಟ ಗುರುತಿಗೆ ಅದರ ಪೀಠವನ್ನು ತಾಗಿಸಬೇಕು. ದಾಳ ಉರುಳುತ್ತದೆ, ಬಿದ್ದ ಗರದಷ್ಟು ಮನೆಗಳನ್ನು ಪರದೆಯೊಳಗಿನ ಇಸಬೆಲ್ ನಡೆದು ಮುಗಿಸುತ್ತಾಳೆ. ಕೈಯಲ್ಲಿರುವ ಇಸಬೆಲ್ ಮಾತ್ರ ಪೀಠಕ್ಕೆ ಅಂಟಿದ ಕಾಲುಗಳ ಮೇಲೆ, ನೆತ್ತಿಯಲ್ಲಿ ಕಟ್ಟಿದ ಜುಟ್ಟೂ ಅಲುಗದಂತೆ ನಿಂತೇ ಇರುತ್ತಾಳೆ. ಪ್ಲಾಸ್ಟಿಕ್ಕಿನ ಬೊಂಬೆಗೆ ಇಷ್ಟು ನಾಜೂಕಾಗಿ ಬಣ್ಣ ಬಳಿದು, ಆಟದಲ್ಲಿ ಅದಕ್ಕೆ ಕೊಟ್ಟ ಕೆಲಸ ತಳ ತಾಗಿಸುವುದೊಂದೇ ಎಂದು ನೋಡಿದಾಗ, ಸರ್ಕಾರಿ ಮೊಹರಿಗೆ ಮುಖ ಕೆತ್ತಿಸಿದಂತಾಯಿತಲ್ಲ ಎನಿಸಿದ್ದುಂಟು.

ಆದರೆ ಆ ಒಂದು ತಾಗಿಸುವಿಕೆಯಲ್ಲಿ ಮನುಷ್ಯರು ತೋರುವ ವೈವಿಧ್ಯವನ್ನು ನೋಡಬೇಕು. ಮಕ್ಕಳು ಗೊಂಬೆಯನ್ನು ದಡಕ್ಕನೆ ಕುಕ್ಕುತ್ತಾರೆ, ಜೋರಾಗಿ ಕುಕ್ಕಿದರೆ ಆರು ಬೀಳುತ್ತದೆಂಬ ನಂಬಿಕೆ ಅವರದು. ದೊಡ್ಡವರು ಮಕ್ಕಳನ್ನು ಗದರಿಸಿ, ತಮ್ಮ ಸರದಿ ಬಂದಾಗ ಗೊಂಬೆಯನ್ನು ತುಸು ಮೇಲೆ ಹಿಡಿದು, ಒಂದು ಕ್ಷಣ ತಡೆದು, ಮೆಲ್ಲಗೆ ಇಳಿಸುತ್ತಾರೆ. ಮೆಲ್ಲಗೆ ಇಳಿಸಿದರೆ ಆರು ಬೀಳುತ್ತದೆಂಬುದು ಇವರ ನಂಬಿಕೆ. ಯಂತ್ರಕ್ಕೆ ಕುಕ್ಕಿದ್ದೂ ಒಂದೇ, ಇಳಿಸಿದ್ದೂ ಒಂದೇ. ಗುಂಡಿ ಒತ್ತಿ ದಾಳ ಹಾಕುವ ಆಟದಲ್ಲಿ ಈ ಶಾಸ್ತ್ರಗಳಿಗೆಲ್ಲ ಅವಕಾಶವೇ ಇಲ್ಲ. ಮುಷ್ಟಿಯೊಳಗೆ ದಾಳ ಕುಲುಕುವಾಗಿನ ಹುಸಿ ಅಧಿಕಾರವನ್ನು ಗೊಂಬೆ ನಮಗೆ ಮರಳಿಸುತ್ತದೆ, ಅದಕ್ಕಾಗಿಯಾದರೂ ಅದರ ಬೆಲೆ ತೆರಬಹುದೆಂದು ನನ್ನ ಲೆಕ್ಕ.

ಹಲಗೆಯ ಮೇಲೆ ನಡೆಯುವುದೂ ಮಹಾ ಸಾಹಸವೇನಲ್ಲ. ಗುಲಾಬಿ ಬಣ್ಣದ ಮನೆಯಲ್ಲಿ ನಿಂತರೆ ಒಳ್ಳೆಯದೊಂದು ನಡೆದು ಸಂತೋಷದ ಅಂಕವೋ ಹಣವೋ ಕೂಡುತ್ತದೆ, ನೇರಳೆ ಮನೆಯಲ್ಲಿ ನಿಂತರೆ ಏನೋ ಎಡವಟ್ಟಾಗಿ ಕಳೆಯುತ್ತದೆ. ತಿಂಗಳು ಮುಗಿಯುವಾಗ ಯಾರ ಬಳಿ ಹೆಚ್ಚು ಸಂತೋಷವಿದೆಯೋ ಅವರು ಗೆದ್ದಂತೆ. ಎದುರಾಳಿಯ ಕಾಯಿ ಹೊಡೆದು ಆರಂಭಕ್ಕೆ ಅಟ್ಟುವ ಕ್ರೌರ್ಯ ಇಲ್ಲಿಲ್ಲ. ಬುದ್ಧಿಗೆ ಕೆಲಸವಿರುವುದು ಟರ್ನಿಪ್ ವ್ಯಾಪಾರದಲ್ಲಿ: ಭಾನುವಾರ ಗೆಡ್ಡೆ ಕೊಂಡು, ವಾರದೊಳಗೆ ಒಳ್ಳೆಯ ಬೆಲೆ ಸಿಕ್ಕಾಗ ಮಾರಿಬಿಡಬೇಕು. ನಾಳೆ ಇನ್ನೂ ಏರೀತೆಂದು ಕಾಯುವ ಆಸೆಬುರುಕರು ಯಾರು, ಸಿಕ್ಕಷ್ಟಕ್ಕೆ ಕೈತೊಳೆದುಕೊಳ್ಳುವವರು ಯಾರು ಎಂಬುದು ಇಲ್ಲಿ ಬಟಾಬಯಲಾಗುತ್ತದೆ. ಮನೆಯ ಖರ್ಚಿನ ಬಗ್ಗೆ ಉಪದೇಶ ಮಾಡುವ ಹಿರಿಯರೇ ಎಷ್ಟೋ ಸಲ ಕೊಳೆತ ಟರ್ನಿಪ್ ಇಟ್ಟುಕೊಂಡು ಉಳಿಯುತ್ತಾರೆ.

ವಿಮರ್ಶಕರು ಈ ಆಟವನ್ನು ಚೆನ್ನಾಗಿಯೇ ಝಾಡಿಸಿದರು. ಆಡುವವರು ಮಾಡಲು ಏನೂ ಇಲ್ಲ, ಎಲ್ಲವೂ ದಾಳದ ಕೃಪೆ ಎಂಬುದು ಅವರ ಮುಖ್ಯ ದೂರು, ಅದು ಸುಳ್ಳೂ ಅಲ್ಲ. ಕಾರ್ಡುಗಳಿಂದ ಆಡುವ, ನಿರ್ಜನ ದ್ವೀಪದಲ್ಲಿ ಗೊತ್ತುಪಡಿಸಿದ ದಿನಗಳೊಳಗೆ ತೆಪ್ಪ ಕಟ್ಟಿ ಪಾರಾಗುವ ಒಂದು ಕಿರು ಆಟ ಇದರೊಳಗೇ ಅಡಗಿದೆ. ತಲೆ ಓಡಿಸುವವರಿಗೆ ಹಲಗೆಗಿಂತ ಅದೇ ರುಚಿಸುತ್ತದೆ. ಆದರೂ ದಾಳದ ಕೃಪೆಯನ್ನು ನಾನು ಅಷ್ಟು ಸುಲಭವಾಗಿ ತಳ್ಳಿಹಾಕಲಾರೆ. ಮಾರಿಯೊ ಪಾರ್ಟಿಯ ಕಿರು ಆಟಗಳಲ್ಲಿ ಬೆರಳು ಚುರುಕಾದವರದೇ ಮೇಲುಗೈ; ಕನ್ನಡಕ ಹುಡುಕುವಷ್ಟರಲ್ಲಿ ಅಜ್ಜಿಯ ಸುತ್ತು ಮುಗಿದಿರುತ್ತದೆ. ಇಲ್ಲಿ ಓದು ಬಾರದ ಮಗುವೂ, ಗುಂಡಿಗಳ ಹೆಸರು ತಿಳಿಯದ ಅಜ್ಜಿಯೂ, ಎಲ್ಲ ಬಲ್ಲ ಹದಿಹರೆಯದ ಹುಡುಗನೂ ಗೊಂಬೆ ತಾಗಿಸಿ ಬಾಯಿಬಿಟ್ಟು ಕಾಯಬೇಕು. ಆ ಹುಡುಗನಿಗೆ ಆಟ ಬೇಸರವೆನಿಸುವುದೂ ಇದೇ ಕಾರಣಕ್ಕಾಗಿ.

ಇನ್ನು ನೆನಪಿನ ವಿಷಯ. ಪೀಠದೊಳಗೆ ಹತ್ತಿರದಿಂದಷ್ಟೇ ಮಾಹಿತಿ ಕೊಟ್ಟು ಪಡೆಯುವ ಎನ್‌ಎಫ್‌ಸಿ ಚಿಪ್ ಇದೆ, ಬ್ಯಾಟರಿ ಇಲ್ಲ. ಗೇಮ್‌ಪ್ಯಾಡ್ ಹತ್ತಿರ ಬಂದಾಗ ಅದು ಹೊಮ್ಮಿಸುವ ರೇಡಿಯೊ ಅಲೆಯಿಂದಲೇ ಚಿಪ್ಪು ತನಗೆ ಬೇಕಾದ ವಿದ್ಯುತ್ತನ್ನು ಪಡೆದು ಎಚ್ಚರಗೊಳ್ಳುತ್ತದೆ, ದೂರ ಸರಿಸಿದರೆ ಮತ್ತೆ ನಿದ್ದೆ. ಅದರ ಒಟ್ಟು ನೆನಪು 540 ಬೈಟ್. ಯುನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕಾಗುವುದರಿಂದ, ಈ ಪ್ಯಾರಾವನ್ನು ಅದರೊಳಗೆ ಬರೆಯಹೊರಟರೆ ಮೂರನೆಯ ವಾಕ್ಯ ಮುಗಿಯುವ ಮೊದಲೇ ಜಾಗ ತೀರುತ್ತದೆ. ಇಷ್ಟರಲ್ಲೇ ಗೊಂಬೆ ತಾನು ಯಾರೆಂಬುದನ್ನೂ ತನ್ನ ಗಳಿಕೆಯನ್ನೂ ಇಟ್ಟುಕೊಳ್ಳಬೇಕು. ಅದಕ್ಕೆಂದೇ ಒಂದು ಗೊಂಬೆ ಒಂದು ಹೊತ್ತಿಗೆ ಒಂದು ಆಟದ ಲೆಕ್ಕವನ್ನಷ್ಟೇ ಹೊತ್ತಿರಬಲ್ಲದು. ಬೇರೆ ಆಟದ ಲೆಕ್ಕ ಬರೆಸಬೇಕಾದರೆ ಹಿಂದಿನದನ್ನು ಅಳಿಸಬೇಕು. ಅಳಿಸಲೇ ಎಂದು ಯಂತ್ರ ಕೇಳುವಾಗ ಬೆರಳು ತಡವರಿಸುತ್ತದೆ. ಹಳೆಯ ಗೆಲುವುಗಳಿಂದ ಉಪಯೋಗವೇನೂ ಇರುವುದಿಲ್ಲ, ಆದರೂ ತಡವರಿಸುತ್ತದೆ.

ಈ ನೆನಪಿನಿಂದ ಇನ್ನೊಂದು ತಕರಾರೂ ಹುಟ್ಟುತ್ತದೆ. ಆಟದ ಕೊನೆಗೆ ಗಳಿಸಿದ ಸಂತೋಷದ ಅಂಕಗಳು ಬರೆಯಲ್ಪಡುವುದು ಗೊಂಬೆಯ ಖಾತೆಗೆ, ಆಡಿದವರ ಖಾತೆಗಲ್ಲ. ರಜೆಗೆ ಬಂದ ತಮ್ಮನಿಗೆ ಅಕ್ಕ ಔದಾರ್ಯದಿಂದ ತನ್ನ ಡಿಗ್ಬಿಯನ್ನು ಕೊಟ್ಟು, ತಾನು ಇಸಬೆಲ್ ಇಟ್ಟುಕೊಂಡು ಆಡಿ ಸೋತಳೆಂದುಕೊಳ್ಳಿ. ಗೆದ್ದವನು ನಾನು ಎಂದು ತಮ್ಮ ಕುಣಿಯುತ್ತಾನೆ. ಅಂಕ ಸೇರಿದ್ದು ನನ್ನ ಗೊಂಬೆಗೆ, ಆದ್ದರಿಂದ ಎರಡೂ ಕಡೆ ಗೆದ್ದವಳು ನಾನೇ ಎಂದು ಅಕ್ಕ ವಾದಿಸುತ್ತಾಳೆ. ಡಬ್ಬಿಯ ಕಾಯಿಗಳ ಕಾಲದಲ್ಲಿ ಇಂಥ ವ್ಯಾಜ್ಯಕ್ಕೆ ಆಸ್ಪದವಿರಲಿಲ್ಲ. ತೀರ್ಪು ಹೇಳೆಂದು ಇಬ್ಬರೂ ನನ್ನತ್ತ ತಿರುಗಿದರೆ, ದಾಖಲೆಯ ಪ್ರಕಾರ ಅಕ್ಕ, ನ್ಯಾಯದ ಪ್ರಕಾರ ತಮ್ಮ ಎಂದು ಹೇಳಿ, ಇಬ್ಬರಿಂದಲೂ ಬೈಸಿಕೊಳ್ಳಲು ನಾನು ಸಿದ್ಧ.