ಧೈರ್ಯ ಹೇಳೋಕೆ ಬರ್ತಿದ್ದೀರಾ? ಬರಬೇಡಿ

ಈಗಷ್ಟೇ ಶ್ರೀನಿವಾಸಪುರದಿಂದ ವಾಪಸ್ ಬಂದೆ. ತಲೆ ಇನ್ನೂ ಬಿಸಿಯಾಗೇ ಇದೆ. ಬೈಗುಳ ಅನ್ನಿಸಿದರೆ ಬೈಗುಳ ಅಂತಲೇ ಓದ್ಕೊಳ್ಳಿ.

ನಮ್ಮ ಚಿಕ್ಕಮ್ಮನ ವಿಷಯ ನಿಮಗೆ ಗೊತ್ತೇ ಇದೆ. ಬರೀ ಕೆಮ್ಮು ಅಂತ ಶುರುವಾಗಿ, ಟಿಬಿ ಇರಬಹುದು ಅಂತ ನಾಲ್ಕು ತಿಂಗಳು ಮಾತ್ರೆ ನುಂಗಿ, ಕೊನೆಗೆ ಬಯಾಪ್ಸಿಯಲ್ಲಿ ಶ್ವಾಸಕೋಶದ ಕ್ಯಾನ್ಸರ್ ಅಂತ ಗೊತ್ತಾಗಿ ಇವತ್ತಿಗೆ ಹನ್ನೆರಡು ದಿನ. ಈ ಹನ್ನೆರಡು ದಿನದಲ್ಲಿ ಮನೆಗೆ ಬಂದವರು ತಂದಿದ್ದು ಎರಡೇ: ಎಳನೀರು, ಧೈರ್ಯ. ಎಳನೀರಾದರೂ ಕುಡಿಯಬಹುದು.

"ಮನಸ್ಸು ಗಟ್ಟಿ ಇದ್ರೆ ಅರ್ಧ ಕಾಯಿಲೆ ಹೋದಂಗೆ ಕಣಮ್ಮ." ಇವತ್ತು ಬಂದ ಮಹಾನುಭಾವರು ಇದನ್ನ ಮೂರು ಸಲ ಹೇಳಿದರು. ಹೊರಡುವಾಗ ನನ್ನ ಪಕ್ಕಕ್ಕೆ ಕರೆದು "ಬೀಡಿಗೀಡಿ ಸೇದ್ತಿದ್ರಾ?" ಅಂದರು. ನಲವತ್ತು ವರ್ಷ ಸೌದೆ ಒಲೆ ಊದಿದ ಹೆಂಗಸು ಸ್ವಾಮಿ! ನಮ್ಮ ದೇಶದಲ್ಲಿ ಈ ಕಾಯಿಲೆ ಬಂದ ಹೆಂಗಸರಲ್ಲಿ ಬಹಳಷ್ಟು ಮಂದಿ ಬೀಡಿ ಮುಟ್ಟದವರೇ. (ಲಕ್ಷ್ಮಣಫಲದ ಎಲೆ ಕಷಾಯದ ವಾಟ್ಸಾಪ್ ಫಾರ್ವರ್ಡ್ ಕಳಿಸಿದವರಿಗೆ ಬೇರೆ ದಿನ ಪೂಜೆ ಇದೆ.)

ಮನಸ್ಸು ಗಟ್ಟಿ ಇದ್ದರೆ ಅನ್ನೋದನ್ನ ಆಸ್ಟ್ರೇಲಿಯಾದಲ್ಲಿ 179 ಜನ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳಲ್ಲಿ ನೋಡೇಬಿಟ್ಟರು, 2004ರಲ್ಲಿ ವರದಿ ಬಂತು. ಆಶಾವಾದಿಗಳೇನೂ ಹೆಚ್ಚು ದಿನ ಬದುಕಲಿಲ್ಲ. ಅಂದರೆ ಚಿಕ್ಕಮ್ಮ ರಾತ್ರಿ ಅತ್ತರೆ ಗೆಡ್ಡೆಯೇನೂ ಬೆಳೆಯಲ್ಲ. ಅಳಲಿ. ಅಳೋದಕ್ಕೂ ಹೆದರೋ ಹಂಗೆ ಮಾಡಿಟ್ಟಿದ್ದೀರಲ್ರೀ! ಹಾಗಾದ್ರೆ ಕೆಲಸಕ್ಕೆ ಬಂದಿದ್ದು ಏನು ಅಂತೀರಾ? ಅಮೆರಿಕದ ಬಾಸ್ಟನ್‌ನಲ್ಲಿ ಇದೇ ಕಾಯಿಲೆಯ 151 ಜನರ ಅಧ್ಯಯನ ನೋಡಿ, 2010ರದ್ದು. ಕಾಯಿಲೆ ಆಗಲೇ ಹರಡಿದ್ದವರು. ಅರ್ಧ ಜನಕ್ಕೆ ಮೊದಲಿಂದಲೇ ಚಿಕಿತ್ಸೆ ಜೊತೆಗೆ ನೋವು, ಉಸಿರು, ಮನಸ್ಸು ವಿಚಾರಿಸಿಕೊಳ್ಳೋ ಪ್ಯಾಲಿಯೇಟಿವ್ ತಂಡ ಕೊಟ್ಟರು. ಅವರಲ್ಲಿ ಖಿನ್ನತೆ ಕಡಿಮೆಯಾಯ್ತು, ಅವರಲ್ಲಿ ಅರ್ಧದಷ್ಟು ಜನ 11.6 ತಿಂಗಳಾದರೂ ಬದುಕಿದರು. ಉಳಿದವರ ಗುಂಪಿನಲ್ಲಿ ಆ ಲೆಕ್ಕ 8.9 ತಿಂಗಳು.

"ಪ್ರೀತಿಯಿಂದ ತಾನೇ ಹೇಳೋದು?" ಅಂತೀರಿ. ಇರಬಹುದು. ಆದರೆ ಆ ಮಾತು ನಮ್ಮ ಭಯಕ್ಕೆ ನಾವೇ ಕಟ್ಟಿಕೊಳ್ಳೋ ತಾಯಿತ. ನನಗೆ ಹೆಂಗೆ ಗೊತ್ತು? ರಿಪೋರ್ಟ್ ಬಂದ ದಿನ ಆಸ್ಪತ್ರೆ ಕಾರಿಡಾರಿನಲ್ಲಿ "ಏನೂ ಆಗಲ್ಲ, ಧೈರ್ಯವಾಗಿರು" ಅಂದವನು ನಾನೇ. ಕವರ್ ಹಿಡಿದ ಕೈ ನಡುಗ್ತಿತ್ತು. ಆಕೆ ಕವರ್ ಕಿತ್ತುಕೊಂಡು "ಮೊದ್ಲು ನೀನು ನೀರು ಕುಡಿ" ಅಂದಳು.

ಇವತ್ತು ಆ ಉಪದೇಶದ ಮಧ್ಯೆಯೇ ಮಾವಿನ ತೋಟದ ಗುತ್ತಿಗೆಯವನು ಬಂದ. ಹೂವು ಉದುರಿದೆ, ರೇಟು ಇಳಿಸಿ ಅಂತ ರಾಗ. ಚಿಕ್ಕಮ್ಮ ಸೆರಗು ಬಾಯಿಗೆ ಒತ್ತಿ ಕೆಮ್ಮಿ ಮುಗಿಸಿ, "ನೀನು ತೋಟಕ್ಕೆ ಹೋಗೇ ಇಲ್ಲ, ಚಪ್ಪಲಿ ನೋಡು, ಒಂಚೂರು ಮಣ್ಣಿಲ್ಲ" ಅಂದಳು. ಅವನು ಮಾತಾಡದೆ ತೋಟದ ಕಡೆ ಹೊರಟ. ಧೈರ್ಯದವರು ಕಾಫಿ ಕುಡೀತಿದ್ದರು.

ಸೋಮವಾರ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೀವಿ, ಬೆಳಗಿನ ಜಾವ ನಾಲ್ಕಕ್ಕೇ ಊರು ಬಿಡಬೇಕು. ಎರಡು ಹಸು ಇವೆ. ಹಾಲು ಕರೆದು ಡೈರಿಗೆ ಹಾಕೋಕೆ ಯಾರಾದರೂ ಬರ್ತೀರಾ? ಇನ್‌ಬಾಕ್ಸ್ ಮಾಡಿ. ಕೆಂದ ಹಸು ಒದೆಯುತ್ತೆ, ಮೊದಲೇ ಹೇಳಿದ್ದೀನಿ.